ಕಲ್ಲುಗಳು ಮನೆಗೆ ಬಂದ ವರ್ಷ

ನಮ್ಮ ಬೀದಿಯಲ್ಲಿ ಯಾರೋ ಹಳೆಯ ಮನೆ ರಿಪೇರಿ ಮಾಡಿಸುತ್ತಿದ್ದಾರೆ. ನಿನ್ನೆ ಬೆಳಿಗ್ಗೆ ಹಾಲು ತರಲು ಹೊರಟವಳು ಅವರ ಮನೆಯ ಮುಂದೆ ನಿಂತೇಬಿಟ್ಟೆ. ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ್ದರು. ಅದು ಕೊತಕೊತ ಕುದಿಯುತ್ತಿತ್ತು, ಮೂಗಿನೊಳಗೆ ಚುರುಕೆನ್ನುವ ಆ ಬಿಸಿ ವಾಸನೆ ಬೀದಿಗೆಲ್ಲ ಹರಡಿತ್ತು. "ಏನ್ರಿ ಮೇಡಂ, ಏನರ ಬೇಕಾಗಿತ್ತೇನ್ರಿ?" ಎಂದು ಗೋಡೆ ಕೆಲಸದ ಗೌಂಡಿ ಕೇಳಿದ. ವಾಸನೆ ಬೇಕಾಗಿತ್ತು ಎಂದರೆ ಈ ವಯಸ್ಸಿನಲ್ಲಿ ನನ್ನನ್ನು ಏನೆಂದುಕೊಂಡಾನು? ಏನಿಲ್ಲಪ್ಪ ಅಂದು ಹಾಲಿನ ಪಾಕೀಟು ಮರೆತು ಮನೆಗೆ ವಾಪಸು ಬಂದೆ. ಇಡೀ ದಿನ ಚಿನ್ನಮ್ಮನದೇ ನೆನಪು.

ಕುರುಗೋಡು ದಾಟಿ ಬಾದನಹಟ್ಟಿಯ ಮೇಲೆ ಸಿರುಗುಪ್ಪದ ಕಡೆಗೆ ಹೋದರೆ ಕಾಲುವೆಯ ಪಕ್ಕ ಒಂದು ಕ್ಯಾಂಪು, ಎಂದರೆ ವಲಸೆ ಬಂದ ರೈತರ ಊರು, ಸಿಗುತ್ತದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ಬಸ್ಸು ಹತ್ತಿ ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಅಲ್ಲಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ನನಗೆ ವರ್ಗವಾಯಿತು. ಬಳ್ಳಾರಿ ಬಿಟ್ಟು ಒಂದು ದಿನವೂ ಬೇರೆ ಊರಿನಲ್ಲಿ ಮಲಗಿದವಳಲ್ಲ. ನಮ್ಮಮ್ಮ ಪೂರ್ತಿ ಮಡಿ ಹೆಂಗಸು. "ಕ್ಯಾಂಪಿನಾಗ ಮನಿ ಯಾರು ಕೊಡ್ತಾರ ನಿನಗ?" ಎಂದು ಆಕೆಯ ಚಿಂತೆ. ಕೊಟ್ಟವಳು ಚಿನ್ನಮ್ಮ. ಎರಡೇ ಕೋಣೆಯ ಮನೆ, ಅದರಲ್ಲೊಂದು ಕೋಣೆ ನನಗೆ, ಅಂಗಳದಲ್ಲೊಂದು ಬೇವಿನ ಮರ. ಚಿನ್ನಮ್ಮ ಕ್ರಿಶ್ಚಿಯನ್ನರವಳು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದಳು. ಮಾಡುತ್ತಿದ್ದುದು ಹೊಲದ ಕೂಲಿ. ಭತ್ತದ ಸಸಿ ಹಚ್ಚಿ ಹಚ್ಚಿ ಸೊಂಟ ಬಿದ್ದುಹೋಗಿತ್ತು. ಕೂತರೂ ನೋವು, ಎದ್ದರೂ ನೋವು, ಬಾಯಿ ಮಾತ್ರ ಆರೋಗ್ಯವಾಗಿತ್ತು. ನಾನೂ ಬಾಯಿಗೇನು ಕಡಿಮೆಯವಳಲ್ಲ, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತು.

ಕ್ಯಾಂಪಿನ ಚರ್ಚನ್ನು ಮೊದಲ ಸಲ ನೋಡಿದಾಗ ನಾನು ಗೋದಾಮು ಅಂದುಕೊಂಡಿದ್ದೆ. ತಪ್ಪು ನನ್ನದಲ್ಲ. ಕಾಲುವೆ ಬಂದ ಹೊಸದರಲ್ಲಿ ಗುಂಟೂರು ಕಡೆಯಿಂದ ರೈತರು ಬಂದು ಇಲ್ಲಿ ಭೂಮಿ ಹಿಡಿದರಲ್ಲ, ಅವರಲ್ಲಿ ಕೆಲವು ಕಥೋಲಿಕ ಕುಟುಂಬಗಳೂ ಇದ್ದವು. ತೆಲುಗು ತಂದರು, ಉಪ್ಪಿನಕಾಯಿಯ ಜಾಡಿ ತಂದರು, ಜೊತೆಗೆ ಅಂತೋಣಿ ಸಂತರನ್ನೂ ತಂದರು. ಗುಡಿಸಲಿನಲ್ಲಿ ಒಂದಷ್ಟು ಕಾಲ ಪ್ರಾರ್ಥನೆ ನಡೆಸಿ, ಕೊನೆಗೆ ಗಟ್ಟಿ ಚರ್ಚು ಕಟ್ಟೋಣವೆಂದು ಹೊರಟಾಗ ಅವರಿಗೆ ಸಿಕ್ಕ ಮೇಸ್ತ್ರಿ ಅಕ್ಕಿ ಗಿರಣಿಗಳ ಗೋದಾಮು ಕಟ್ಟಿದವನು. ಅವನಿಗೆ ಗೊತ್ತಿದ್ದುದನ್ನೇ ಕಟ್ಟಿದ. ದಪ್ಪ ಕಲ್ಲಿನ ಗೋಡೆ, ಅಲ್ಲೊಂದು ಇಲ್ಲೊಂದು ಸಣ್ಣ ಕಿಟಕಿ, ತುಂಬಿದ ಗಾಡಿ ಸಲೀಸಾಗಿ ಒಳಗೆ ಹೋಗುವಷ್ಟು ಅಗಲದ ಬಾಗಿಲು. ನೆತ್ತಿಯ ಮೇಲೆ ಶಿಲುಬೆ ಇಟ್ಟ ಮೇಲೆ ಚರ್ಚಾಯಿತು. ಗಂಟೆಯ ಬದಲು ಕಾಲುವೆ ಕೆಲಸದಲ್ಲಿ ಉಳಿದ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಪಡಸಾಲೆಯ ತೊಲೆಗೆ ಪ್ರತಿ ಸುಗ್ಗಿಯಲ್ಲೂ ಹೊಸ ಭತ್ತದ ತೆನೆಯ ಗೊಂಚಲು ಕಟ್ಟುತ್ತಿದ್ದರು, ಅದು ಗುಬ್ಬಿಗಳ ಪಾಲು. ಫಾದರ ಉಪದೇಶದ ಪ್ರಸಂಗಕ್ಕಿಂತ ಗುಬ್ಬಿಗಳ ಗಲಾಟೆಯೇ ಜೋರಾಗಿ ಕೇಳುತ್ತಿತ್ತು.

ಆ ಚರ್ಚಿನ ವಿಶೇಷವಿದ್ದುದು ಒಳಗೋಡೆಯಲ್ಲಿ. ಕಟ್ಟುವಾಗ ಹಿರಿಯರು ಒಂದು ನೇಮ ಮಾಡಿದ್ದರು: ಪ್ರತಿ ಮನೆಯಿಂದ ಎಡಗೋಡೆಗೊಂದು, ಬಲಗೋಡೆಗೊಂದು ದೊಡ್ಡ ಕಲ್ಲು, ಕುರುಗೋಡಿನ ಗುಡ್ಡದಿಂದ, ಸ್ವಂತ ಗಾಡಿಯಲ್ಲಿ. ಅದಕ್ಕೆ ಮನಿಗಲ್ಲು ಅಂತಲೇ ಹೆಸರು. ಪಕ್ಕದ ಹಳ್ಳಿಯ ಒಂದೆರಡು ಗೌಡರ ಮನೆಯವರೂ, ನಮ್ಮದೂ ಒಂದಿರಲಿ ಎಂದು ಕೊಟ್ಟಿದ್ದರು. ಒಳಗಡೆ ಗಿಲಾವು ಮಾಡಿರಲಿಲ್ಲ, ಕಲ್ಲು ಕಾಣಬೇಕಲ್ಲ. ಒಂದರ ಮೇಲೆ ತೆಲುಗಿನಲ್ಲಿ ಹೆಸರು, ಇನ್ನೊಂದರ ಮೇಲೆ ಪುಟ್ಟ ಶಿಲುಬೆ, ಮತ್ತೊಂದರ ಮೇಲೆ ಎತ್ತಿನ ಚಿತ್ರ. ಪೂಜೆಯ ಹೊತ್ತಿಗೆ ಹೆಂಗಸರು ಎಡಗೋಡೆಗೆ, ಗಂಡಸರು ಬಲಗೋಡೆಗೆ, ತಂತಮ್ಮ ಮನೆಯ ಕಲ್ಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ತಲೆ ತಾಗುವಲ್ಲಿ ಕೊಬ್ಬರಿ ಎಣ್ಣೆಯ ಕರಿ ಕಲೆ. ಕಲ್ಲು ಇಲ್ಲದವರು, ಎಂದರೆ ಆಮೇಲೆ ಕೂಲಿಗೆ ಬಂದು ನೆಲೆನಿಂತವರು, ನಡುವೆ ಚಾಪೆಯ ಮೇಲೆ.

ಚಿನ್ನಮ್ಮ ಆದೋನಿ ಕಡೆಯಿಂದ ಸಸಿ ಹಚ್ಚುವ ಗುಂಪಿನ ಜೊತೆ ಬಂದವಳು. "ನಾ ಬರೋ ಹೊತ್ತಿಗೆ ಗ್ವಾಡಿ ತುಂಬಿತ್ರಿ ಟೀಚರಮ್ಮ" ಎನ್ನುತ್ತಿದ್ದಳು. ಒಮ್ಮೆ ಸೊಂಟ ತಡೆಯಲಾರದೆ ಯಾರದೋ ಕಲ್ಲಿಗೆ ಒರಗಿ ಕೂತಿದ್ದಳಂತೆ. ಏಳು ಎಂದು ಯಾರೂ ಅನ್ನಲಿಲ್ಲ. ಆ ಮನೆಯವರು ಬಂದು ಎದುರಿಗೆ ಸುಮ್ಮನೆ ನಿಂತರು, ಅಷ್ಟೇ. ಚಿನ್ನಮ್ಮ ಎದ್ದು ಚಾಪೆಗೆ ಬಂದಳು. "ಬಯ್ದಿದ್ರ ತಿರುಗಿ ಬಯ್ತಿದ್ದೆ. ಸುಮ್ನ ನಿಂತ್ರ ಏನ್ ಮಾಡಾದು?" ಎಂದು ನಗುತ್ತ ಹೇಳಿದರೂ, ಮಾತಿನ ಕೊನೆಗೆ ನಗು ಉಳಿಯುತ್ತಿರಲಿಲ್ಲ. "ಸಾಯೋದರಾಗ ಗ್ವಾಡಿಗೆ ಬೆನ್ನು ಹಚ್ಚಿ ಒಂದು ಪೂಜಿ ಕೇಳಬೇಕ್ರಿ. ನಂದ ಒಂದು ಕಲ್ಲಿರಬೇಕು. ಮತ್ತೇನೂ ಆಸಿ ಇಲ್ಲ ನನಗ."

ನಾನು ಹೋದ ಮರುವರ್ಷ ಬೇಸಿಗೆಯಲ್ಲಿ ಎಡಗೋಡೆ ಹೊಟ್ಟೆ ಬಿಟ್ಟಿತು. ಎರೆ ಭೂಮಿಯ ಗುಣ ಗೊತ್ತಲ್ಲ, ನೀರು ಕುಡಿದರೆ ಉಬ್ಬುತ್ತದೆ, ಕಾಲುವೆ ನಿಂತು ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಗೋಡೆಯಲ್ಲಿ ಬಿರುಕು ಎದ್ದು, ನಡುವಿನ ಕಲ್ಲುಗಳು ಹೊರಕ್ಕೆ ಬಾಗಿದ್ದವು. ಫಾದರು ಮಂಗಳೂರು ಕಡೆಯ ಯುವಕರು. ಹೆದರಿ ಬಳ್ಳಾರಿಯಿಂದ ಇಂಜಿನಿಯರನ್ನು ಕರೆಸಿದರು. ಆತ ನಾಲ್ಕು ಕಲ್ಲು ಬಿಚ್ಚಿಸಿ ಒಳಗೆ ಟಾರ್ಚು ಹಾಕಿ ನೋಡಿ ಗಹಗಹಿಸಿ ನಕ್ಕ.

"ಇದು ಒಂದು ಗ್ವಾಡಿ ಅಲ್ರಿ ಫಾದರ್, ಎರಡು. ಒಳಗಿಂದೊಂದು, ಹೊರಗಿಂದೊಂದು, ನಡುವೆ ಬರೇ ಮಣ್ಣು. ಅಡ್ಡಗಲ್ಲ ಹಾಕಿಲ್ಲ."

ಅಡ್ಡಗಲ್ಲು ಅಂದರೆ ಗೋಡೆಯ ಈ ಮುಖದಿಂದ ಆ ಮುಖದವರೆಗೆ ಅಡ್ಡಕ್ಕೆ ಹಾಯುವ ಉದ್ದನೆಯ ಕಲ್ಲು. ಎರಡು ಪದರನ್ನೂ ಬಿಗಿದು ಹಿಡಿಯುವುದು ಅದೇ. ಹಾಗೆ ಇಟ್ಟರೆ ಒಳಗಡೆ ಅಂಗೈಯಷ್ಟು ತುದಿ ಮಾತ್ರ ಕಾಣುತ್ತದೆ. ಗಾಡಿ ಕಟ್ಟಿಕೊಂಡು ಹೋಗಿ, ಗುಡ್ಡ ಹತ್ತಿ, ಬೆವರು ಸುರಿಸಿ ಕಲ್ಲು ತಂದವರು ಅದರ ತುದಿ ತೋರಿಸಲು ಒಪ್ಪುತ್ತಾರೆಯೇ? ಎಲ್ಲರೂ ತಮ್ಮ ಕಲ್ಲಿನ ಅಗಲ ಮುಖವೇ ಒಳಕ್ಕೆ ಕಾಣಬೇಕೆಂದು ಹಟ ಹಿಡಿದಿದ್ದರು, ಮೇಸ್ತ್ರಿ ಎಲ್ಲರನ್ನೂ ಖುಷಿಪಡಿಸಿ ಕೈ ತೊಳೆದುಕೊಂಡಿದ್ದ. ಇಂಥ ತಪ್ಪನ್ನು ನಮ್ಮ ಕ್ಯಾಂಪಿನವರಲ್ಲದೆ ಬೇರೆ ಯಾರೂ ಮಾಡಲಾರರು.

ಚರ್ಚಿನ ಹಿರಿಯರು ಬಾಲರೆಡ್ಡಿ. ಎತ್ತರದ ಆಳು, ಬಿಳಿ ಪಂಚೆ, ಕ್ಯಾಂಪಿನಲ್ಲಿ ಅವರ ಮಾತು ಮೀರಿದವರಿಲ್ಲ. ಅವರ ಮುಖ ಕೆಂಪಾಯಿತು. "ನಮ್ಮ ನಾಯನ ನಿಂತು ಕಟ್ಟಿಸಿದ್ದು ಇದು. ನಗಬ್ಯಾಡ್ರಿ" ಎಂದರು. ಎಡಗೋಡೆಯ ಎರಡನೆಯ ಕಿಟಕಿಯ ಪಕ್ಕ ಅವರ ತಂದೆಯ ಹೆಸರು ಕೊರೆದ ಕಲ್ಲಿತ್ತು, ಎಲ್ಲಕ್ಕಿಂತ ಅಗಲ. ಅದರ ಮುಂದೆ ಅವರ ಹೆಂಡತಿ ಶೌರಮ್ಮ ಕೂರುತ್ತಿದ್ದರು. ಆ ಕಲ್ಲೇ ಎಲ್ಲಕ್ಕಿಂತ ಹೆಚ್ಚು ಹೊರಕ್ಕೆ ಬಾಗಿತ್ತು.

ಎಡಗೋಡೆ ಬಿಚ್ಚುವುದು, ಮತ್ತೆ ಕಟ್ಟುವುದು ಎಂದು ತೀರ್ಮಾನವಾಯಿತು. ಬಯಲಿಗೆ ಹಾಕಿದರೆ ಕಲ್ಲು ಅದಲುಬದಲಾಗುತ್ತವೆ ಎಂದು ಪ್ರತಿ ಮನೆಯವರೂ ತಮ್ಮ ತಮ್ಮ ಕಲ್ಲನ್ನು ಮನೆಗೆ ಒಯ್ದರು. ಆ ಸಂಜೆ ನೋಡಬೇಕಿತ್ತು. ಟ್ರ್ಯಾಕ್ಟರಿನಲ್ಲಿ ಕೆಲವು, ತಳ್ಳುಗಾಡಿಯಲ್ಲಿ ಕೆಲವು, ಒಂದು ಕಲ್ಲಂತೂ ಆಟೋದಲ್ಲಿ ಪ್ರಯಾಣಿಕನ ಸೀಟಿನ ಮೇಲೆ ಕೂತು ಹೋಯಿತು. ತವರಿಗೆ ಬಂದ ಮಗಳನ್ನು ಇಳಿಸಿಕೊಂಡ ಹಾಗೆ ಇಳಿಸಿಕೊಂಡರು. ನನ್ನ ಕ್ಲಾಸಿನಲ್ಲಿ ವಾರವಿಡೀ ಯಾರ ಮನೆಯ ಕಲ್ಲು ದೊಡ್ಡದು ಅನ್ನುವುದೇ ಜಗಳ, ವ್ಯಾಕರಣ ಯಾರಿಗೆ ಬೇಕು? ಗೌಡರ ಮನೆಯಲ್ಲಿ ಕಲ್ಲನ್ನು ಜಗುಲಿಯ ಮೇಲಿಟ್ಟು ವಿಭೂತಿ ಬಳಿದು ದಿನವೂ ಹೂವು ಏರಿಸತೊಡಗಿದರು. ಆ ಸುದ್ದಿ ಫಾದರಿಗೆ ಮುಟ್ಟಿತು. ಅವರು ಒಂದು ನಿಮಿಷ ಯೋಚಿಸಿ, "ಇರಲಿ ಮಾರಾಯ್ರೆ, ಅತಿಥಿಯನ್ನು ಅವರವರ ಮನೆಯ ಪದ್ಧತಿಯಂತೆ ನೋಡಿಕೊಳ್ಳುವುದಲ್ಲವಾ?" ಎಂದರು.

ಅಷ್ಟರಲ್ಲಿ ಕಾಲುವೆಗೆ ನೀರು ಬಂತು. ನೀರು ಬಂದರೆ ಕ್ಯಾಂಪಿನಲ್ಲಿ ದೇವರಿಗೂ ಪುರುಸೊತ್ತಿಲ್ಲ. ಎಲ್ಲರೂ ಸಸಿಮಡಿ, ನಾಟಿ, ಗೊಬ್ಬರ ಅಂತ ಗದ್ದೆಗೆ ಬಿದ್ದರು. ಗೋಡೆ ಹಾಗೇ ಉಳಿಯಿತು. ಆ ಮಳೆಗಾಲ ಪೂರ್ತಿ ಪೂಜೆ ನಡೆದದ್ದು ಭತ್ತ ಒಣಗಿಸುವ ಕಣದಲ್ಲಿ, ತಾಡಪತ್ರಿಯ ಕೆಳಗೆ. ಅಲ್ಲಿ ಗೋಡೆ ಎಲ್ಲಿಂದ ಬರಬೇಕು? ಎಲ್ಲರೂ ಚಾಪೆಯವರೇ ಆದರು. ತಾಡಪತ್ರಿಯ ಮೇಲೆ ನೀರು ತುಂಬಿ, ಪ್ರಸಂಗದ ನಡುವೆ ಧಬಕ್ಕನೆ ಯಾರದಾದರೂ ತಲೆಯ ಮೇಲೆ ಸುರಿಯುತ್ತಿತ್ತು. ಒಂದು ಭಾನುವಾರ ಚಿನ್ನಮ್ಮನನ್ನು ಕರೆಯಲು ಹೋದವಳು ನಾನೂ ಹಿಂದೆ ಕೂತಿದ್ದೆ. ಶೌರಮ್ಮ ಚಿನ್ನಮ್ಮನ ಪಕ್ಕದಲ್ಲಿ ಕೂತು, ಆ ಕಡೆ ವಾಲಿ, ಈ ಕಡೆ ವಾಲಿ, ಕೊನೆಗೆ ಸೊಂಟಕ್ಕೆ ಕೈ ಕೊಟ್ಟು ನರಳಿದರು.

"ಅಯ್ಯೋ ನಮ್ಮವ್ವಾ, ಬೆನ್ನೇ. ಇಷ್ಟ್ ವರ್ಷ ಹೆಂಗ ಕುಂತಿದ್ದಿಯೇ ಚಿನ್ನಮ್ಮಾ ನೀನು?"

"ಹಿಂಗ ಕುಂತಿದ್ದೆ ನೋಡ್ರಿ" ಎಂದಳು ಚಿನ್ನಮ್ಮ. ಅದರಲ್ಲಿ ಕುಟುಕು ಇರಲಿಲ್ಲ, ಇದ್ದ ವಿಷಯ ಹೇಳಿದಳು.

ದಸರೆ ಕಳೆದ ಮೇಲೆ ಗದ್ದೆ ಕೆಲಸ ಸ್ವಲ್ಪ ಸಡಿಲಾಯಿತು, ಸಭೆ ಸೇರಿತು, ಚಿನ್ನಮ್ಮನ ಜೊತೆ ನಾನೂ ಹೋಗಿದ್ದೆ. ಕುರುಗೋಡಿನ ಗೌಂಡಿ ಮಾಬುಸಾಬ ಬಂದಿದ್ದ. ತನ್ನಂಥ ಗೌಂಡಿ ಜಿಲ್ಲೆಯಲ್ಲೇ ಇಲ್ಲವೆಂದು ಮೊದಲು ಅರ್ಧ ಗಂಟೆ ಹೇಳಿದ. ನಂತರ ವಿಷಯಕ್ಕೆ ಬಂದ. ಇಂಜಿನಿಯರು ಹೇಳಿದಂತೆ ಪ್ರತಿ ಸಾಲಿಗೂ ಅಡ್ಡಗಲ್ಲು ಬೇಕು. ಯಾರ ಮನಿಗಲ್ಲನ್ನು ಅಡ್ಡಕ್ಕೆ ತಿರುಗಿಸೋಣ? ಒಬ್ಬರು ಮೇಲೆ ನೋಡಿದರು, ಒಬ್ಬರು ಉಗುರು ನೋಡಿಕೊಂಡರು. ಫಾದರು ಎದ್ದು, ಹಿರಿಯರ ನೆನಪೂ ಮುಖ್ಯ, ಗೋಡೆಯ ಭದ್ರತೆಯೂ ಮುಖ್ಯ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ಕೂತರು. ನನಗೆ ಕೈಯಲ್ಲಿ ಬೆತ್ತ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹಿಂದಿನಿಂದ ಚಿನ್ನಮ್ಮ ಎದ್ದಳು. "ಅಡ್ಡಗಲ್ಲು ನಾವು ತರ್ತೀವ್ರಿ" ಎಂದಳು.

ಬಾಲರೆಡ್ಡಿ ತಿರುಗಿ ನೋಡಿದರು. "ನಾವು ಅಂದ್ರ?"

"ಕಲ್ಲಿಲ್ಲದೋರು. ನಂದೊಂದು ಮೊದಲು."

"ಅಡ್ಡಕ್ಕಿಟ್ರ ಅದರ ಮುಖ ಕಾಣಂಗಿಲ್ಲ ಚಿನ್ನಮ್ಮ. ಇಷ್ಟ ಇಷ್ಟು ತುದಿ ಕಾಣ್ತೈತಿ."

"ನನ್ನ ಮುಖ ಯಾರು ನೋಡ್ಬೇಕಾಗೇತ್ರಿ? ಬೆನ್ನಿಗೆ ಆದ್ರ ಸಾಕು."

ಕೆಲವರು ನಕ್ಕರು. ಬಾಲರೆಡ್ಡಿ ನಗಲಿಲ್ಲ, ಬೇಡವೆನ್ನಲೂ ಇಲ್ಲ. "ತರ್ರಿ. ಆದ್ರ ನಮ್ಮ ಹಳೇ ಕಲ್ಲುಗಳು ಮೊದಲು ಎಲ್ಲಿದ್ದವೋ ಅಲ್ಲೇ ಇರಬೇಕು, ಒಂದೂ ಕದಲಬಾರದು" ಎಂದು ಷರತ್ತು ಹಾಕಿ ಸಭೆ ಮುಗಿಸಿದರು. ಆ ಷರತ್ತಿನಲ್ಲಿ ಏನು ಅಡಗಿದೆಯೆಂದು ಆಗ ನನಗೂ ಹೊಳೆಯಲಿಲ್ಲ, ಚಿನ್ನಮ್ಮನಿಗೂ ಹೊಳೆಯಲಿಲ್ಲ.

ಕೂಲಿಯವರೆಲ್ಲ ಸೇರಿ ಒಂದು ಟ್ರ್ಯಾಕ್ಟರು ಮಾಡಿಕೊಂಡು ಕುರುಗೋಡಿನ ಗುಡ್ಡಕ್ಕೆ ಹೊರಟಾಗ ಚಿನ್ನಮ್ಮ ನನ್ನನ್ನೂ ಹತ್ತಿಸಿಕೊಂಡಳು. ಜವಳಿ ಅಂಗಡಿಯಲ್ಲಿ ಸೀರೆ ಆರಿಸುವಾಗಲೂ ಯಾರೂ ಅಷ್ಟು ಸತಾಯಿಸಿರಲಾರರು. ಇದು ಉದ್ದ ಸಾಲದು, ಅದಕ್ಕೆ ಬಿರುಕು ಐತಿ, ಇದರ ಬಣ್ಣ ಸರಿಯಿಲ್ಲ. ಕಡೆಗೆ ನಸುಗೆಂಪು ಗೆರೆಯೊಂದಿದ್ದ ಉದ್ದನೆಯ ಕಲ್ಲಿನ ಪಕ್ಕ ಕೂತು, ತುದಿಗೆ ಬೆನ್ನು ಆನಿಸಿ ನೋಡಿ, "ಇದ" ಎಂದಳು. ಮನೆಗೆ ತಂದು ಬೇವಿನ ಕೆಳಗೆ ಇಳಿಸಿ, ದಿನವೂ ಬೆಳಿಗ್ಗೆ ನೀರು ಹಾಕಿ ತೊಳೆಯುವಳು. ಅದೇ ವಾರ ನಮ್ಮಮ್ಮ ಬಳ್ಳಾರಿಯಿಂದ ನನ್ನನ್ನು ನೋಡಲು ಬಂದಿದ್ದಳು. ಅಂಗಳಕ್ಕೆ ಕಾಲಿಟ್ಟವಳೇ ಮರದ ಕೆಳಗೆ ತೊಳೆದಿಟ್ಟ ಕಲ್ಲು ಕಂಡು ಕೈ ಮುಗಿದಳು.

ಚಿನ್ನಮ್ಮನಿಗೆ ಗಾಬರಿ. "ಅದಿನ್ನೂ ದೇವರ ಮನಿಗೆ ಹೋಗಿಲ್ರಿ ಅಮ್ಮಾರ."

"ಹೊಂಟದ ಅಲ್ಲ? ಸಾಕು" ಎಂದಳು ಅಮ್ಮ.

ಮಡಿ ಮೈಲಿಗೆ ಎಂದು ಜೀವ ತಿನ್ನುವ ನನ್ನ ತಾಯಿಯ ಬಾಯಲ್ಲಿ ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ಆಕೆಯ ಮೇಲೆ ಅಷ್ಟು ಪ್ರೀತಿ ನನಗೆ ಅದಕ್ಕೂ ಮೊದಲು ಬಂದದ್ದು ನೆನಪಿಲ್ಲ.

ಸುಣ್ಣ ನೆನೆಹಾಕಿದರು, ಗೋಡೆ ಏಳತೊಡಗಿತು. ಶಾಲೆ ಬಿಟ್ಟ ಮೇಲೆ ನಾನು ದಿನವೂ ಆ ವಾಸನೆಯಲ್ಲಿ ನಿಂತು ನೋಡುತ್ತಿದ್ದೆ. ಮನೆಮನೆಯಿಂದ ಕಲ್ಲುಗಳು ವಾಪಸು ಬಂದವು. ಗೌಡರ ಕಲ್ಲು ವಿಭೂತಿ ಸಮೇತ ಬಂತು, ಒರೆಸಬೇಡಿ ಎಂದು ಫಾದರೇ ಹೇಳಿದರು. ಚಿನ್ನಮ್ಮ ತನ್ನ ಕಲ್ಲನ್ನು ಒಪ್ಪಿಸಿ ಮಾಬುಸಾಬನಿಗೆ ಪದೇಪದೇ ಹೇಳಿದ್ದಳು: ಎರಡನೇ ಕಿಟಕಿಯ ಪಕ್ಕ, ರೆಡ್ಡೇರ ಕಲ್ಲಿನ ಮಗ್ಗುಲಿಗೆ, ಕುಂತರೆ ಬೆನ್ನಿಗೆ ಸಿಗುವಂತೆ. ಅಲ್ಲಿಗೆ ಕಾಲುವೆಯ ಗಾಳಿ ಬರುತ್ತದೆ.

ಆ ವರ್ಷ ಕೊಯ್ಲಿನ ಹೊತ್ತಿಗೆ ಗಾಳಿಮಳೆ ಹೊಡೆದು ಬಾಲರೆಡ್ಡಿಯವರ ಗದ್ದೆಯ ಪೈರು ನೆಲಕ್ಕೆ ಮಲಗಿತು. ಮಲಗಿದ ಪೈರಿಗೆ ಮಶೀನು ಇಳಿಯುವುದಿಲ್ಲ, ಕುಡುಗೋಲೇ ಬೇಕು. ಚಿನ್ನಮ್ಮನ ಕಲ್ಲು ಏರಿಸಿದ ದಿನ ಅವಳು ಅದೇ ಗದ್ದೆಯಲ್ಲಿ ಬಗ್ಗಿ ಕೊಯ್ಯುತ್ತಿದ್ದಳು. ಸಂಜೆ ಇಬ್ಬರೂ ಹೋಗಿ ನೋಡಿದೆವು. ಎರಡನೆಯ ಕಿಟಕಿಯ ಪಕ್ಕದಲ್ಲಿ, ಕೂತರೆ ಬೆನ್ನಿಗೆ ಸಿಗುವ ಸಾಲಿನಲ್ಲಿ, ಬಾಲರೆಡ್ಡಿಯವರ ತಂದೆಯ ಕಲ್ಲು ಮೊದಲಿನಂತೆಯೇ ಅಗಲವಾಗಿ ಕೂತಿತ್ತು. ನಸುಗೆಂಪು ಗೆರೆಯ ಅಂಗೈಯಗಲದ ತುದಿ ಅದರ ಮೇಲೆ, ನಿಂತವರ ತಲೆಯ ಮಟ್ಟದಲ್ಲಿ ಕಾಣುತ್ತಿತ್ತು.

ಮಾಬುಸಾಬ ನಮ್ಮ ಮುಖ ನೋಡಲಿಲ್ಲ. "ನಾ ಏನ್ ಮಾಡ್ಲಿ ಚಿನ್ನಮ್ಮ? ರೆಡ್ಡೇರು ನಿಂತು ತಮ್ಮ ಕಲ್ಲು ಹಳೇ ತಾವಿನಾಗ ಇಡ್ಸಿದ್ರು. ಅದಕ್ಕ ಆಳ ಇಲ್ಲ, ಮ್ಯಾಲೆ ಅಡ್ಡಗಲ್ಲು ಹೇರಿ ಬಿಗಿದ್ರನ ನಿಲ್ತೈತಿ, ಇಲ್ಲಂದ್ರ ಮತ್ತ ಹೊರಗ ಬೀಳ್ತೈತಿ ಅಂತ ಇಂಜಿನಿಯರು ಅಂದ್ರು. ಅಷ್ಟು ಉದ್ದದ್ದು ನಿಂದ ಒಂದ ಇತ್ತು."

ಚಿನ್ನಮ್ಮ ಕೈ ಎತ್ತಿ ಆ ತುದಿಯನ್ನು ಮುಟ್ಟಿದಳು. ಭತ್ತದ ಧೂಳು ಮೆತ್ತಿದ ಬೆರಳು. ಬರ್ರಿ ಟೀಚರಮ್ಮ ಎಂದು ಹೊರಟಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೇ ಹೋಗಿ ರೆಡ್ಡಿಯವರನ್ನು ಕೇಳುತ್ತೇನೆ ಎಂದೆ. "ಬ್ಯಾಡ್ರಿ. ನೀವು ಕೇಳಿದ್ರ ಅದು ನಿಮ್ಮ ಜಗಳ ಆಕ್ಕೈತಿ" ಎಂದಳು. ಅವತ್ತು ಅವಳು ಒಲೆ ಹೊತ್ತಿಸಲಿಲ್ಲ. ನಾನು ಮಾಡಿದ ಅನ್ನ ಸಾರನ್ನೂ ಮುಟ್ಟಲಿಲ್ಲ. ಬೇವಿನ ಬುಡದಲ್ಲಿ, ಕಲ್ಲು ಇದ್ದ ಜಾಗದಲ್ಲಿ ಹುಲ್ಲು ಬೆಳ್ಳಗಾಗಿತ್ತು. ಅದನ್ನು ನೋಡಲಾರದೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕ್ರಿಸ್ಮಸ್ ಹಬ್ಬದ ಬೆಳಗಿನ ಪೂಜೆಗೆ ನನ್ನನ್ನೂ ಕರೆದಿದ್ದರು. ಹೊಸ ಗೋಡೆಗೆ ಅದೇ ಮೊದಲ ಪೂಜೆ. ನಾನು ಪಡಸಾಲೆಯಲ್ಲಿ, ಬಾಗಿಲಿಗೆ ಒರಗಿ ನಿಂತಿದ್ದೆ. ಎಲ್ಲರೂ ತಂತಮ್ಮ ಕಲ್ಲು ಹುಡುಕಿ, ಸವರಿ, ಇದ್ದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು ಬೆನ್ನು ಕೊಟ್ಟು ಕೂತರು. ಕಲ್ಲು ತಂದ ಕೂಲಿಯವರು ಮಾತ್ರ ಹಳೆಯ ಅಭ್ಯಾಸದಂತೆ ಚಾಪೆಯ ಮೇಲೆ ಕೂತರು. ಚಿನ್ನಮ್ಮ ತಡವಾಗಿ ಬಂದಳು, ಮಗಳು ಕೊಟ್ಟ ಹಸಿರು ಸೀರೆ ಉಟ್ಟಿದ್ದಳು. ಚಾಪೆಯವರೆಗೂ ಬಂದು ನಿಂತಳು. ಹಿಂದಿನ ವಾರ ಪೂರ್ತಿ ಈ ಬಗ್ಗೆ ಅವಳು ಒಂದೇ ಒಂದು ಮಾತೂ ಆಡಿರಲಿಲ್ಲ. ಕೂತುಬಿಡುತ್ತಾಳೆ ಅಂದುಕೊಂಡೆ.

ಚಾಪೆ ದಾಟಿ ಗೋಡೆಯ ಹತ್ತಿರ ಹೋದಳು. ಶೌರಮ್ಮ ತಮ್ಮ ಮಾವನ ಹೆಸರಿನ ಕಲ್ಲಿಗೆ ಒರಗಿ ಕೂತಿದ್ದರು.

"ಒಂಚೂರು ಸರೀರಿ ಶೌರಮ್ಮಾರ."

ಶೌರಮ್ಮ ತಲೆ ಎತ್ತಿದರು. ಸಿಟ್ಟೇನಿರಲಿಲ್ಲ, ಅರ್ಥವಾಗಿರಲಿಲ್ಲ. "ಇದು ನಮ್ಮ ಕಲ್ಲಲ್ಲೇನ ಚಿನ್ನಮ್ಮ?"

"ನಿಮ್ದ ಐತ್ರಿ. ಅದರ ಮ್ಯಾಲಿಂದು ನಂದು. ನಿಮ್ಮದು ಬೀಳದಂಗ ಹಿಡ್ಕಂಡು ನಿಂತೈತಿ. ಅದು ಅಲ್ಲಿ ನಿಂತಿರೋತನಕ ನಾ ಇಲ್ಲಿ ಕುಂದರ್ತೀನಿ."

ದನಿ ಏರಿಸಲಿಲ್ಲ. ಆದರೂ ಆ ಗೋದಾಮಿನಂಥ ಕಟ್ಟಡದಲ್ಲಿ ಮಾತು ಮೂಲೆಮೂಲೆಗೂ ಕೇಳಿತು. ಪೀಠದ ಮುಂದೆ ಫಾದರು ಪುಸ್ತಕ ತೆರೆದವರು ಹಾಗೇ ನಿಂತರು. ಬಲಗೋಡೆಯಿಂದ ಬಾಲರೆಡ್ಡಿ ಕೆಮ್ಮಿದರು. ಆ ಕೆಮ್ಮಿಗೆ ಎದ್ದು ನಿಲ್ಲುವ ಜನ ಅದು. ಚಿನ್ನಮ್ಮ ಕದಲಲಿಲ್ಲ. ಬಯ್ಯಲೂ ಇಲ್ಲ, ಬೇಡಲೂ ಇಲ್ಲ, ಎದುರಿಗೆ ಸುಮ್ಮನೆ ನಿಂತಿದ್ದಳು.

ಶೌರಮ್ಮ ಕತ್ತೆತ್ತಿ ಮೇಲಿನ ತುದಿಯನ್ನು ನೋಡಿದರು. ಗಂಡನ ಕಡೆ ನೋಡಿದರು. ಆಮೇಲೆ ಸೆರಗು ಒಟ್ಟು ಮಾಡಿಕೊಂಡು ಸರಿದರು, ಒಂಚೂರಲ್ಲ, ಅರ್ಧ ಕಲ್ಲು ಖಾಲಿಯಾಗುವಷ್ಟು.

"ಕುಂದ್ರು ಬಾ. ಆ ಕಣದಾಗ ನನ್ನ ಬೆನ್ನು ಏನಾತು ಅಂತ ನನಗ ಗೊತ್ತೈತಿ" ಎಂದರು, ಗಂಡನಿಗೂ ಕೇಳುವಂತೆ.

ಚಿನ್ನಮ್ಮ ಗೋಡೆ ಹಿಡಿದು ಮೆಲ್ಲಗೆ ಕೂತಳು. ಸೊಂಟ ಮೊದಲು, ಆಮೇಲೆ ಬೆನ್ನು, ಕಡೆಗೆ ತಲೆ, ಒಂದೊಂದಾಗಿ ಕಲ್ಲಿಗೆ ಆನಿಸಿದಳು. ಫಾದರು ಪೂಜೆ ಶುರು ಮಾಡಿದರು. ಅಂದಿನ ಪ್ರಸಂಗ ಹಬ್ಬದ್ದಾದ್ದರಿಂದ ಮಾಮೂಲಿಗಿಂತ ಉದ್ದವಿತ್ತು, ಗೋಡೆಯ ಬಗ್ಗೆ, ಒಗ್ಗಟ್ಟಿನ ಬಗ್ಗೆ, ಬಹಳ ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಚಿನ್ನಮ್ಮನಿಗೆ ಅದರಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಬಾಯಿ ಸ್ವಲ್ಪ ತೆರೆದು, ಕೈಯಲ್ಲಿ ಜಪಸರ ಹಿಡಿದು ನಿದ್ದೆಹೋಗಿದ್ದಳು. ಎಲ್ಲರೂ ಎದ್ದು ನಿಲ್ಲುವ ಹೊತ್ತು ಬಂತು, ಎಲ್ಲರೂ ಎದ್ದರು. ಹೆಗಲಿಗೆ ಹೆಗಲು ತಾಗಿತ್ತು, ಎದ್ದರೆ ಅವಳಿಗೆ ಎಚ್ಚರವಾದೀತೆಂದು ಶೌರಮ್ಮ ಏಳಲಿಲ್ಲ.